ಎಸ್ಸೆನ್‌ನಲ್ಲಿ ಕ್ರಿಸ್‌ಮಸ್ ಬಿಯರ್: ಸಂಜೆ ಕೊಟ್ಟ ಮಾರ್ಕ್ಸ್ ನಂಬಬೇಡಿ

ಎಸ್ಸೆನ್ ಊರಿನ ಕ್ರಿಸ್‌ಮಸ್ ಬಿಯರ್ ಹಬ್ಬಕ್ಕೆ ಹೊರಡುವವರು ಮೊದಲು ಊರಿನ ಹೆಸರು ಸರಿಯಾಗಿ ನೋಡಿಕೊಳ್ಳಿ. ಎಸ್ಸೆನ್ ಅಂತ ಹುಡುಕಿದರೆ ಜರ್ಮನಿಯ ದೊಡ್ಡ ಊರು ಎದುರಿಗೆ ಬರುತ್ತದೆ, ಅದಲ್ಲ. ಬೆಲ್ಜಿಯಂನಲ್ಲಿ, ಆಂಟ್‌ವರ್ಪ್‌ನಿಂದ ಉತ್ತರಕ್ಕೆ, ಇನ್ನೇನು ನೆದರ್ಲೆಂಡ್ಸ್ ಬಂತು ಅನ್ನುವ ಜಾಗದಲ್ಲಿ ಇನ್ನೊಂದು ಎಸ್ಸೆನ್ ಇದೆ, ಸಣ್ಣ ಊರು. ಸಾಲದು ಅಂತ ಬೆಲ್ಜಿಯಂನಲ್ಲೇ 'ಎಸೆನ್' ಅಂತಲೂ ಒಂದಿದೆ. ಸ್ಟಿಲ್ಲೆ ನಾಖ್ಟ್ ಅನ್ನುವ ಹೆಸರುವಾಸಿ ಕ್ರಿಸ್‌ಮಸ್ ಬಿಯರ್ ತಯಾರಾಗುವುದು ಆ ಎಸೆನ್‌ನಲ್ಲಿ, ಪಶ್ಚಿಮಕ್ಕೆ, ಸಮುದ್ರದ ಕಡೆ. ನನ್ನ ಗೆಳೆಯ ಎರಡನ್ನೂ ಒಂದೇ ಅಂದುಕೊಂಡು, ಬಿಯರ್ ಕುಡಿದು ಹಾಗೇ ಕಾರ್ಖಾನೆಯನ್ನೂ ನೋಡಿ ಬರೋಣ ಅಂತ ಪ್ಲಾನ್ ಮಾಡಿಟ್ಟಿದ್ದ!

ಈ ಕ್ರಿಸ್‌ಮಸ್ ಬಿಯರ್ ಹಬ್ಬ ಡಿಸೆಂಬರ್ ಮಧ್ಯದ ಒಂದು ಶನಿವಾರ, ಭಾನುವಾರ ನಡೆಯುತ್ತದೆ. ಊರಿನ ಬಿಯರ್ ಪ್ರಿಯರ ಸಂಘವೊಂದು ನಡೆಸುವುದು, ಸಮುದಾಯ ಭವನದಂಥ ದೊಡ್ಡ ಹಾಲ್‌ನಲ್ಲಿ. ಥಳಕು ಬಳಕು ಏನೂ ಇಲ್ಲ. ಉದ್ದ ಟೇಬಲ್ಲು, ಕೈಯಲ್ಲಿ ಪುಟ್ಟ ಗ್ಲಾಸು, ಟೋಕನ್ನು, ಮತ್ತೆ 150ಕ್ಕೂ ಜಾಸ್ತಿ ಚಳಿಗಾಲದ ಬಿಯರ್‌ಗಳ ಪಟ್ಟಿ. ತಾರೀಕು ಪ್ರತಿ ವರ್ಷ ಬದಲಾಗುತ್ತದೆ, ನೋಡಿಕೊಂಡೇ ರೂಮ್ ಬುಕ್ ಮಾಡಿ. ಆಂಟ್‌ವರ್ಪ್‌ನಲ್ಲಿ ಉಳಿದರೆ ಒಳ್ಳೆಯದು, ಅಲ್ಲಿಂದ ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ತಲುಪಬಹುದು.

ನಾವು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಿಂದ ಹೋದೆವು, ಅಲ್ಲಿ ನಮ್ಮವರು ಬೇಕಾದಷ್ಟು ಜನ ಇದ್ದಾರಲ್ಲ, ಅವರಿಗೆ ಈ ಮಾತು: ರೋಸೆಂಡಾಲ್‌ನಲ್ಲಿ ರೈಲು ಬದಲಾಯಿಸಬೇಕು, ಅಲ್ಲಿ ಮರೆಯದೆ ಕಾರ್ಡನ್ನು ಮೆಷಿನ್ನಿಗೆ ತೋರಿಸಿ ಚೆಕ್-ಔಟ್ ಮಾಡಿ, ಮುಂದಿನ ಒಂದು ಸ್ಟಾಪಿಗೆ ಬೇರೆ ಟಿಕೆಟ್ ಬೇಕು. ನಾನು ಮರೆತೆ. ಕಾರ್ಡಿನಿಂದ ಸುಮ್ನೆ ದುಡ್ಡು ಹೋಯಿತು, ಯಾರನ್ನೂ ಬೈಯುವ ಹಾಗಿಲ್ಲ. ಕಾರಂತೂ ಬೇಡವೇ ಬೇಡ. ಆ ತಿಂಗಳಲ್ಲಿ ಬೆಲ್ಜಿಯಂ ಪೊಲೀಸರು ರಸ್ತೆಯಲ್ಲಿ ನಿಂತು ಊದಿಸುತ್ತಾರೆ, ಮಿತಿ ಇರುವುದು ರಕ್ತದ ಲೀಟರಿಗೆ 0.5 ಗ್ರಾಂ ಅಷ್ಟೆ.

ಈಗ ನಿಜವಾದ ಲೆಕ್ಕ. ಗ್ಲಾಸು 15 ಸೆಂಟಿಲೀಟರ್, ನೋಡಿದರೆ ನಗು ಬರುತ್ತದೆ, ಬೈ-ಟು ಕಾಫಿ ಲೋಟದ ಹಾಗಿರುತ್ತದೆ. ಆದರೆ ಒಳಗಿರುವ ಬಿಯರ್ ಹೆಚ್ಚುಕಡಿಮೆ 10% ಆಲ್ಕೋಹಾಲಿನದು. ಅಂಥ ಎರಡು ಗ್ಲಾಸು ಹೋದರೆ ಬೆಂಗಳೂರಿನ 650 ಎಂಎಲ್ ಮಾಮೂಲಿ ಬಿಯರ್ ಒಂದು ಇಡೀ ಬಾಟಲಿ ಮುಗಿಸಿದಂತೆ. ಶನಿವಾರ ನಾನು ಒಬ್ಬನೇ ಎಂಟು ಗ್ಲಾಸು ಮುಗಿಸಿದೆ. ಅಂದರೆ ನಾಲ್ಕು ಬಾಟಲಿ, ಅದೂ ನಿಂತುಕೊಂಡು, ಚೀಸ್ ತುಂಡು ನಂಚಿಕೊಂಡು.

ಪರಿಣಾಮ ನನ್ನ ನೋಟ್‌ಬುಕ್‌ನಲ್ಲೇ ಇದೆ. ಇಪ್ಪತ್ತಕ್ಕೆ ಮಾರ್ಕ್ಸ್ ಹಾಕುತ್ತಿದ್ದೆ: ಪರಿಮಳಕ್ಕೆ 5, ರುಚಿಗೆ 10, ದುಡ್ಡು ಕೊಟ್ಟು ಮತ್ತೆ ತಗೋತೀನಾ ಅನ್ನುವುದಕ್ಕೆ 5. ಮಧ್ಯಾಹ್ನ ಹನ್ನೆರಡಕ್ಕೆ ಕುಡಿದ ಡ್ಯುಪೋಂಟ್‌ನವರ 'ಆವೆಕ್ ಲೆ ಬೋನ್ ವೂ'ಗೆ 13. ಸಂಜೆ ನಾಲ್ಕಕ್ಕೆ ಹೆಸರೂ ಸರಿಯಾಗಿ ಬರೆದುಕೊಳ್ಳದ ಯಾವುದೋ ಒಂದಕ್ಕೆ 19, ಪಕ್ಕದಲ್ಲಿ 'ಸೂಪರ್' ಅಂತ ಮೂರು ಸಲ. ಹೊತ್ತು ಏರಿದಂತೆ ಮಾರ್ಕ್ಸೂ ಏರಿದೆ, ಬಿಯರ್ ಯಾವುದಾದರೂ ಸರಿ.

ಭಾನುವಾರ ಪದ್ಧತಿ ಬದಲಾಯಿಸಿದೆವು. ಮೂವರಿಗೆ ಒಂದು ಗ್ಲಾಸು. ತಿಳಿ ಬಣ್ಣದ್ದು, ಕಡಿಮೆ ಪರ್ಸೆಂಟಿನದು ಮೊದಲು, ಕಪ್ಪು ಮತ್ತು 12%ನವು ಕೊನೆಗೆ. ಎರಡನೇ ಗುಟುಕಿಗೆ ಮೊದಲೇ ಮಾರ್ಕ್ಸ್ ಬರೆಯಬೇಕು, ಒಬ್ಬರದು ಇನ್ನೊಬ್ಬರು ನೋಡಬಾರದು. ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಇದು: ಪ್ರತಿ ನಾಲ್ಕು ಬಿಯರ್ ಆದಮೇಲೆ ದಿನದ ಮೊದಲನೆಯದನ್ನೇ ಮತ್ತೆ ಒಂದು ಗುಟುಕು ಕುಡಿದು ನೋಡುವುದು. ಬೆಳಿಗ್ಗೆ 13 ಕೊಟ್ಟದ್ದಕ್ಕೆ ಈಗ 16 ಕೊಡಬೇಕು ಅನ್ನಿಸಿದರೆ ನಾಲಿಗೆ ಸೋತಿದೆ ಅಂತ ಅರ್ಥ, ಪೆನ್ನು ಜೇಬಿಗೆ ಹಾಕಿ. ಆಮೇಲೆ ಕುಡಿಯಬೇಕಾದರೆ ಕುಡಿಯಿರಿ, ಬರೆಯಬೇಡಿ.

ಹಾಗೆ ಉಳಿದ ಮಾರ್ಕ್ಸ್ ಪೈಕಿ ಸ್ಟಿಲ್ಲೆ ನಾಖ್ಟ್‌ಗೆ 17. 12% ಅಂತ ನಾಲಿಗೆಗೆ ಗೊತ್ತೇ ಆಗುವುದಿಲ್ಲ, ಜೇನು, ಹುಳಿ ಸೇಬು, ಕೊನೆಯಲ್ಲಿ ಸಣ್ಣ ಕಹಿ. ವಾಟೂ ಊರಿನ ಸೇಂಟ್ ಬರ್ನಾರ್ಡಸ್ ಕ್ರಿಸ್‌ಮಸ್ ಏಲ್‌ಗೆ 16, ನಮ್ಮ ಬೇಕರಿ ಪ್ಲಮ್ ಕೇಕನ್ನು ಹಿಂಡಿದ ಹಾಗಿದೆ, ಉತ್ತುತ್ತೆ, ಒಣದ್ರಾಕ್ಷಿ, ಜೋನಿ ಬೆಲ್ಲ. ಮೆಖಲೆನ್‌ನ ಗೌಡನ್ ಕ್ಯಾರೊಲಸ್ ಕ್ರಿಸ್‌ಮಸ್ ವಿಷಯದಲ್ಲಿ ಜಗಳವೇ ಆಯಿತು. ಆಗಸ್ಟ್‌ನಲ್ಲೇ ತಯಾರಿಸಿ ತಿಂಗಳುಗಟ್ಟಲೆ ಇಟ್ಟು ಬಿಡುವ ಬಿಯರ್ ಅದು, ಮಸಾಲೆ ಹಾಕುತ್ತಾರೆ. ನನಗೆ ಇಷ್ಟವಾಯಿತು, 15. ಗೆಳೆಯ ಒಂದು ಗುಟುಕಿಗೇ "ಲೋ, ಇದು ಜ್ಯೇಷ್ಠಮಧು ಕಷಾಯ ಕಣೋ, ಅಜ್ಜಿ ಕೆಮ್ಮಿಗೆ ಕೊಡ್ತಿದ್ರು" ಅಂತ 8 ಹಾಕಿ ಗ್ಲಾಸು ತಳ್ಳಿದ. ಡೆಲಿರಿಯಂ ಬ್ರ್ಯಾಂಡಿನದು ಪರವಾಗಿಲ್ಲ, ಬಾಟಲಿ ಮೇಲಿನ ಗುಲಾಬಿ ಆನೆ ಚಿತ್ರ ನೋಡಿ ಜನ ಮುಗಿಬೀಳುತ್ತಾರೆ ಅಂತ ನನ್ನ ಅನುಮಾನ.

ಬುಷ್ ಡೆ ನೊಯೆಲ್ ಮೊದಲ ಗುಟುಕಿಗೆ ಬರೀ ಸಿಹಿ, ಬರೀ ಆಲ್ಕೋಹಾಲಿನ ಉರಿ. ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಹತ್ತು ನಿಮಿಷ ಸುಮ್ಮನಿದ್ದೆವು, ತಂಪು ಇಳಿದ ಮೇಲೆ ಕ್ಯಾರಮೆಲ್ ಬಂತು, 11 ಇದ್ದದ್ದು 14 ಆಯಿತು. ಈ ಬಿಯರ್‌ಗಳನ್ನು ನಮ್ಮ ಹಾಗೆ ಐಸ್‌ಕೋಲ್ಡ್ ಕುಡಿಯಬಾರದು.

ಬೆಳಿಗ್ಗೆ ಹೊಟ್ಟೆ ತುಂಬ ತಿಂದೇ ಹೊರಡಿ, ನಾವು ಎರಡನೇ ದಿನ ಚಿತ್ರಾನ್ನ ತಿಂದು ಹೋದೆವು, ಎಷ್ಟೋ ವ್ಯತ್ಯಾಸ ಆಯಿತು. ನೀರಿನ ಬಾಟಲಿ ಇರಲಿ. ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ, ವಾಪಸ್ ರೈಲಿನ ಸಮಯ ಹೋಗುವಾಗಲೇ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಆಮೇಲೆ ಹುಡುಕುವ ಸ್ಥಿತಿಯಲ್ಲಿ ಇರುವುದಿಲ್ಲ.

ಊರಿಗೆ ತರುವವರಿಗೆ ಕೊನೆಯದಾಗಿ ಒಂದು ಲೆಕ್ಕ. ಭಾರತಕ್ಕೆ ಸುಂಕವಿಲ್ಲದೆ ತಲೆಗೆ ಎರಡು ಲೀಟರ್ ಮದ್ಯ ತರಬಹುದು, ಬಿಯರ್ ಕೂಡ ಅದರಲ್ಲೇ ಸೇರುತ್ತದೆ. 33 ಸೆಂಟಿಲೀಟರ್‌ನ ಆರು ಬಾಟಲಿ ಅಂದರೆ 1.98 ಲೀಟರ್, ನಮಗೇ ಅಂತ ಅಳತೆ ಮಾಡಿದ ಹಾಗಿದೆ. ಒಂದೊಂದನ್ನೂ ಸಾಕ್ಸ್ ಒಳಗೆ ತೂರಿಸಿ, ಸೂಟ್‌ಕೇಸಿನ ನಡುವೆ ಇಡಿ. ನಾನು ನಾಲ್ಕು ಸ್ಟಿಲ್ಲೆ ನಾಖ್ಟ್, ಎರಡು ಸೇಂಟ್ ಬರ್ನಾರ್ಡಸ್ ತಂದೆ. 19 ಕೊಟ್ಟಿದ್ದೆನಲ್ಲ, ಅದು ಯಾವುದು ಅಂತ ಇನ್ನೂ ಗೊತ್ತಾಗಿಲ್ಲ.