ಬಾವುಟಗುಡ್ಡದ ಹಳೇ ಶಾಲೆಯಲ್ಲಿ ಒಂದು ಬೆಳಿಗ್ಗೆ

ಮಂಗಳೂರಿಗೆ ಬಂದವರಲ್ಲಿ ತುಂಬಾ ಜನ ಬಾವುಟಗುಡ್ಡದ ಸಂತ ಅಲೋಶಿಯಸ್ ಶಾಲೆಯ ಅಂಗಳದಲ್ಲಿರುವ ಚಾಪೆಲ್ (ಪ್ರಾರ್ಥನಾ ಮಂದಿರ) ನೋಡಿ ಹೋಗುತ್ತಾರೆ. ನಾನೂ ಹಿಂದೆ ಹಾಗೇ ನೋಡಿದ್ದೆ. ಒಳಗೆ ಹೋಗಿ, ಕತ್ತು ನೋಯುವವರೆಗೆ ಮೇಲಿನ ಚಿತ್ರಗಳನ್ನು ನೋಡಿ, ಹೊರಗೆ ಬಂದು ಬಸ್ಸು ಹತ್ತಿದ್ದೆ. ಈ ಸಲ ಸೋದರಮಾವ ಜೊತೆಗಿದ್ದರು. ಅವರು ಹೈಸ್ಕೂಲು ಓದಿದ್ದು ಈ ಶಾಲೆಯಲ್ಲೇ, ಆಮೇಲೆ ಕೆಲಸ ಮಾಡಿದ್ದು ಹೆಂಚಿನ ಕಾರ್ಖಾನೆಯಲ್ಲಿ. "ಚಿತ್ರ ಎಲ್ಲಿಗೂ ಓಡುವುದಿಲ್ಲ ಮಾರಾಯ್ತಿ. ಮೊದಲು ಕಟ್ಟಡ ನೋಡುವ" ಎಂದು ಜಗಲಿಯ ಕಡೆ ಕರೆದುಕೊಂಡು ಹೋದರು.

ಶಾಲೆ ಶುರುವಾದದ್ದು ಈ ಗುಡ್ಡದ ಮೇಲಲ್ಲ. ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳು ಮಂಗಳೂರಿಗೆ ಬಂದದ್ದು 1878ರ ಕೊನೆಯಲ್ಲಿ. 1880ರಲ್ಲಿ ಅವರು ಕೊಡಿಯಾಲಬೈಲಿನಲ್ಲಿ ಪಾಠ ಶುರು ಮಾಡಿದರು. ಆಗ ಈ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಊರಿನ ಲೋಬೊ ಪ್ರಭು ಮನೆತನದವರು ಗುಡ್ಡದ ಮೇಲೆ ಜಾಗ ಕೊಟ್ಟರು. ಅಲ್ಲಿ ಕಟ್ಟಡ ಎದ್ದಿತು.

ಮಾವನಿಗೆ ಇಸವಿಗಳ ಮೇಲೆ ಅಷ್ಟು ಆಸಕ್ತಿ ಇಲ್ಲ. ಅವರ ಕಣ್ಣೆಲ್ಲ ಗೋಡೆ ಮತ್ತು ಮಾಡಿನ (ಚಾವಣಿಯ) ಮೇಲೆ. ಕರಾವಳಿಯ ಹಳೇ ಕಟ್ಟಡಗಳಿಗೆ ಮುರಕಲ್ಲೇ (ಜಂಬಿಟ್ಟಿಗೆ ಕಲ್ಲು) ಆಧಾರ. ನೆಲದಿಂದ ತೆಗೆಯುವಾಗ ಅದು ಮೆತ್ತಗಿರುತ್ತದೆ, ಕೊಡಲಿಯಲ್ಲೇ ಕತ್ತರಿಸಬಹುದು. ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ. ಗೋಡೆ ದಪ್ಪ ಇದ್ದರೆ ಹೊರಗಿನ ಸೆಕೆ ಒಳಗೆ ಬರಲು ತುಂಬಾ ಹೊತ್ತು ಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ಇದು. ಅದಕ್ಕೇ ಮಾಡು ಇಳಿಜಾರಾಗಿರಬೇಕು, ಸೂರು ಗೋಡೆಯಿಂದ ಆಚೆ ಚಾಚಬೇಕು. ಉದ್ದ ಜಗಲಿ ಇದ್ದರೆ ಜಡಿಮಳೆಯಲ್ಲೂ ಮಕ್ಕಳು ಒಂದು ಕ್ಲಾಸಿನಿಂದ ಇನ್ನೊಂದಕ್ಕೆ ನೆನೆಯದೆ ಹೋಗಬಹುದು.

ಹೆಂಚಿನ ಮಾತು ಬಂದಾಗ ಮಾವನ ದನಿಯೇ ಬದಲಾಯಿತು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿ ದಡದ ಜೇಡಿಮಣ್ಣು ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಈ ಹೆಂಚುಗಳ ಅಂಚಿನಲ್ಲಿ ಕಚ್ಚು ಇರುತ್ತದೆ. ಒಂದರ ಕಚ್ಚಿಗೆ ಇನ್ನೊಂದು ಕೂತರೆ ನೀರು ಕೆಳಗೆ ಇಳಿಯುವುದಿಲ್ಲ, ಆದರೆ ಸಂದಿನಲ್ಲಿ ಬಿಸಿಗಾಳಿ ಹೊರಗೆ ಹೋಗುತ್ತದೆ. ಒಡೆದರೆ ಆ ಒಂದನ್ನು ಮಾತ್ರ ತೆಗೆದು ಬೇರೆ ಹಾಕಿದರಾಯಿತು. "ಇಂಥ ಮಾಡಿನಡಿ ಓದಿದವರಿಗೆ ಶೀಟಿನ ಕೆಳಗೆ ಕೂರುವ ಮಕ್ಕಳನ್ನು ನೋಡಿದರೆ ಬೇಜಾರಾಗುತ್ತದೆ" ಎಂದರು. ನನಗೂ ಹಾಗೇ ಅನ್ನಿಸಿತು. ತಗಡಿನ ಮೇಲೆ ಮಳೆ ಬೀಳುವಾಗ ಪಾಠ ಕೇಳಿಸುತ್ತದೆಯೇ?

ಆಮೇಲೆ ಚಾಪೆಲ್‌ಗೆ ಹೋದೆವು. ಇಟಲಿಯ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೇನಿ 1900ರ ಆಸುಪಾಸಿನಲ್ಲಿ ಬಿಡಿಸಿದ ಚಿತ್ರಗಳು ಇವು. ಗೋಡೆಯ ಮೇಲಿನವು ಫ್ರೆಸ್ಕೊ. ಅಂದರೆ ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತಾ ಗಾಳಿಯ ಜೊತೆ ಸೇರಿ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಒಂದು ದಿನಕ್ಕೆ ಎಷ್ಟು ಬಿಡಿಸಲು ಆಗುತ್ತದೋ ಅಷ್ಟೇ ಗಾರೆ ಮೆತ್ತುವುದು. ತಪ್ಪಾದರೆ ಕಿತ್ತು ಮತ್ತೆ ಮೆತ್ತಬೇಕು! ಮೇಲ್ಚಾವಣಿಯವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು. ಅಲ್ಲಿ ನಡುವಿನ ಸಾಲಿನಲ್ಲಿ ಸಂತ ಅಲೋಶಿಯಸ್ ಗೊನ್ಜಾಗಾ ಅವರ ಬದುಕಿನ ಕಥೆ ಇದೆ. ನಮ್ಮ ಮಳೆಗಾಲದ ತೇವದಲ್ಲಿ ಇವು ಉಳಿದದ್ದೇ ದೊಡ್ಡದು. 1990ರ ದಶಕದಲ್ಲಿ ತಜ್ಞರು ಬಂದು ಇವನ್ನು ಸರಿಪಡಿಸಿದ್ದಾರೆ. ಮೊಸ್ಕೇನಿ ಮಾತ್ರ ಊರಿಗೆ ವಾಪಸು ಹೋಗಲಿಲ್ಲ, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಚಿತ್ರಗಳ ಮುಂದೆ ಮಾವ ಜಾಸ್ತಿ ಮಾತಾಡಲಿಲ್ಲ. ಹುಡುಗನಾಗಿದ್ದಾಗ ಪರೀಕ್ಷೆಯ ದಿನ ಇಲ್ಲಿ ಬಂದು ಸುಮ್ನೆ ಕೂರುತ್ತಿದ್ದರಂತೆ. ಮೇಲಿನ ಯಾವ ಚಿತ್ರ ಯಾರದು ಅಂತ ಆಗ ಗೊತ್ತಿರಲಿಲ್ಲ, ಇಷ್ಟು ದೊಡ್ಡದನ್ನು ಒಬ್ಬರು ಬಿಡಿಸಬಹುದು ಅನ್ನುವುದು ಮಾತ್ರ ತಲೆಯಲ್ಲಿ ಕೂತಿತ್ತು ಎಂದರು. ಶಾಲೆಯ ಅಂಗಳದಲ್ಲೇ ಇಂಥದ್ದು ಸಿಗುವುದು ಮಕ್ಕಳ ಪುಣ್ಯ ಅಲ್ವಾ?

ಚಾಪೆಲ್ ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ. ಅದು ಒಳ್ಳೆಯದೇ, ಕಣ್ಣಿಗೆ ಕೆಲಸ ಸಿಗುತ್ತದೆ. ನೀವು ಹೋದರೆ ಚಿತ್ರ ನೋಡಿ ಅಲ್ಲಿಂದಲೇ ಹೊರಡಬೇಡಿ. ಪಾಠಕ್ಕೆ ತೊಂದರೆಯಾಗದ ಹೊತ್ತು ನೋಡಿಕೊಂಡು, ಕೇಳಿ ಒಪ್ಪಿಗೆ ಪಡೆದು, ಹಳೇ ಕಟ್ಟಡದ ಸುತ್ತ ಒಮ್ಮೆ ನಡೆಯಿರಿ. ಚಿತ್ರ ಬಿಡಿಸಿದವರ ಹೆಸರು ನಮಗೆ ಗೊತ್ತು. ಕಲ್ಲು ಕಡಿದವರು, ಮಾಡು ಕಟ್ಟಿದವರು ಈ ಊರಿನವರೇ. ಅವರ ಕೆಲಸಕ್ಕೂ ಅಷ್ಟೇ ಹೊತ್ತು ಕೊಡಿ.