ಕೊನೆಯ ಭಾಗಕ್ಕೆ ಬಾರದ ಚೆಂಡು

2024ರ ಮಾರ್ಚ್ 26ರ ಸಂಜೆ ನಮ್ಮೂರಿನ ಟೀವಿಗಳೆಲ್ಲ ಚೆನ್ನೈ ಮತ್ತು ಗುಜರಾತ್ ತಂಡಗಳ ಐಪಿಎಲ್ ಪಂದ್ಯಕ್ಕೆ ಮೀಸಲಾಗಿದ್ದವು. ಹಿಂದಿನ ರಾತ್ರಿ ಬೆಂಗಳೂರಿನಲ್ಲಿ ಆರ್‌ಸಿಬಿ ಪಂಜಾಬನ್ನು ಸೋಲಿಸಿದ್ದರ ಗುಂಗಿನಿಂದ ಯಾರೂ ಇನ್ನೂ ಹೊರಬಂದಿರಲಿಲ್ಲ. ಅದೇ ಹೊತ್ತಿಗೆ ಗುವಾಹಟಿಯಲ್ಲಿ ಭಾರತದ ಫುಟ್‌ಬಾಲ್ ತಂಡ ವಿಶ್ವಕಪ್ ಅರ್ಹತಾ ಸುತ್ತಿನ ಪಂದ್ಯದಲ್ಲಿ ಅಫ್ಘಾನಿಸ್ತಾನವನ್ನು ಎದುರಿಸಲಿದೆ ಎಂಬ ಸಂಗತಿ ಮದ್ದೂರು ತಾಲ್ಲೂಕಿನ ಆ ಊರಿನಲ್ಲಿ ಬಹುಶಃ ಐದೇ ಜನಕ್ಕೆ ಗೊತ್ತಿತ್ತು: ನನಗೆ, ನನ್ನೊಡನೆ ಬಂದಿದ್ದ ಮೂವರು ಹುಡುಗರಿಗೆ, ಮತ್ತು ನಮ್ಮ ಕಾಟ ತಾಳಲಾರದೆ ಜಗುಲಿ ಬಿಟ್ಟುಕೊಟ್ಟ ದೊಡ್ಡಪ್ಪನಿಗೆ.

ನಾನು ಮಂಡ್ಯದ ಬಳಿಯ ಒಂದು ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಹೇಳಿಕೊಡುವವನು. ಮಕ್ಕಳ ಬಾಯಲ್ಲಿ ಪಿ.ಟಿ. ಮೇಷ್ಟ್ರು. ನಮ್ಮ ಕಡೆಯ ಮಣ್ಣು ಕಬಡ್ಡಿಗೆ, ಕೊಕ್ಕೊಗೆ, ವಾಲಿಬಾಲಿಗೆ ಒಗ್ಗಿದ್ದು. ಫುಟ್‌ಬಾಲ್ ಏನಿದ್ದರೂ ಬೆಂಗಳೂರಿನ ಆಸ್ಟಿನ್ ಟೌನ್ ಕಡೆಯವರ ಆಟ ಎಂಬ ಭಾವನೆ ಇರುವಲ್ಲಿ ಹಟಕ್ಕೆ ಬಿದ್ದು ಒಂದು ತಂಡ ಕಟ್ಟಿದ್ದೆ. ಆ ವರ್ಷದ ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಆ ತಂಡ ಬಹುಪಾಲು ಹೊತ್ತು ಚೆಂಡನ್ನು ತನ್ನಲ್ಲೇ ಇಟ್ಟುಕೊಂಡೂ ಒಂದೇ ಗೋಲಿನಿಂದ ಸೋತಿತ್ತು. ಹುಡುಗರಿಗೆ ಗುರಿಯಿಟ್ಟು ಒದೆಯಲು ಬಾರದಿರುವುದೇ ಸೋಲಿಗೆ ಕಾರಣವೆಂದು ತೀರ್ಮಾನಿಸಿದ ನಾನು, ಮುಂದಿನ ನಾಲ್ಕು ತಿಂಗಳು ಅವರನ್ನು ದಿನವೂ ಸಾಲಾಗಿ ನಿಲ್ಲಿಸಿ ಗೋಲಿಗೆ ಒದೆಸಿದ್ದೆ. ಒದ್ದು ಒದ್ದು ಕಾಲೇಜಿನ ಕಾಂಪೌಂಡಿನ ಗಾರೆ ಉದುರಿತೇ ಹೊರತು ಹೆಚ್ಚಿನ ಪ್ರಯೋಜನವೇನೂ ಆಗಿರಲಿಲ್ಲ.

ಗುವಾಹಟಿಯ ಪಂದ್ಯವನ್ನು ಒಟ್ಟಿಗೆ ಕುಳಿತು ನೋಡುವ ಏರ್ಪಾಡೂ ಆ ಪಾಠದ ಮುಂದುವರಿಕೆಯಾಗಿತ್ತು. ಮೊದಲ ಪಿಯುಸಿ ಪರೀಕ್ಷೆ ಮುಗಿಸಿ ಬಿಡುವಾಗಿದ್ದ ಆ ಮೂವರಲ್ಲಿ ಒಬ್ಬನ ಕೈಗೆ ನೋಟ್‌ಬುಕ್ ಕೊಟ್ಟು, ಮೈದಾನದ ಚಿತ್ರ ಬರೆಸಿ, ಅದನ್ನು ಗದ್ದೆಯ ಮಡಿಗಳ ಹಾಗೆ ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ಮೂರು ಭಾಗ ಮಾಡಿಸಿದ್ದೆ. ನಮ್ಮವರು ಯಾವ ಮಡಿಯಲ್ಲಿ ಚೆಂಡನ್ನು ಪಡೆಯುತ್ತಾರೋ ಆ ಮಡಿಯಲ್ಲಿ ಒಂದು ಗೀಟು ಎಳೆಯುವುದು ಅವನ ಕೆಲಸ. ಮುಂದಿನ ಮಡಿಗಳಲ್ಲಿ ಗೀಟುಗಳು ಬೇಕಾದಷ್ಟು ಬೀಳುತ್ತವೆ, ಗೋಲುಗಳು ಮಾತ್ರ ಬರುವುದಿಲ್ಲ, ಆಗ ಗುರಿಯ ಮಹತ್ವ ತಾನಾಗಿಯೇ ತಿಳಿಯುತ್ತದೆ ಎಂಬುದು ನನ್ನ ಎಣಿಕೆಯಾಗಿತ್ತು.

ದೊಡ್ಡಪ್ಪನ ವಿಷಯವನ್ನೂ ಇಲ್ಲಿ ಹೇಳಬೇಕು. ಅವರು ವಿಶ್ವೇಶ್ವರಯ್ಯ ನಾಲೆಯ ಒಂದು ಕವಲಿನಲ್ಲಿ ಬಹುಕಾಲ ನೀರುಗಂಟಿಯಾಗಿದ್ದವರು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ತೂಬು ಎತ್ತುತ್ತ, ಇಳಿಸುತ್ತ, ರಾತ್ರಿಯ ಹೊತ್ತು ಲಾಟೀನು ಹಿಡಿದು ಏರಿಯ ಮೇಲೆ ನಡೆದವರು. ನಮ್ಮೂರು ನಾಲೆಯ ಕೊನೆಯ ಭಾಗದಲ್ಲಿದೆ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದ ವರ್ಷವೂ ಮೇಲಿನವರು ಮನಸ್ಸು ಮಾಡಿದರೆ ಮಾತ್ರ ನಮ್ಮ ಗದ್ದೆಗಳಿಗೆ ನೀರು. 2023ರ ಮಳೆಗಾಲ ಕೈಕೊಟ್ಟಿದ್ದರಿಂದ ಆ ಬೇಸಿಗೆಯಲ್ಲಂತೂ ನಮ್ಮ ಕಾಲುವೆಯ ತಳ ಬಾಯಿಬಿಟ್ಟಿತ್ತು. ನೀರಿನ ಕಣ್ಣಿನಿಂದಲ್ಲದೆ ಬೇರೆ ಕಣ್ಣಿನಿಂದ ಏನನ್ನೂ ನೋಡಿ ಅಭ್ಯಾಸವಿಲ್ಲದ ದೊಡ್ಡಪ್ಪ ಅಂದು ಫುಟ್‌ಬಾಲನ್ನೂ ಹಾಗೆಯೇ ನೋಡಿದರು.

ಪಟ್ಟಿಯ ಲೆಕ್ಕಕ್ಕೆ ಇದು ಗೆಲ್ಲಲೇಬೇಕಾದ ಪಂದ್ಯ. ಫಿಫಾ ಶ್ರೇಯಾಂಕದಲ್ಲಿ ಭಾರತ 117ನೆಯ ಸ್ಥಾನದಲ್ಲಿತ್ತು, ಅಫ್ಘಾನಿಸ್ತಾನ 158ರಲ್ಲಿ. ಅವರ ಹಿರಿಯ ಆಟಗಾರರಲ್ಲಿ ಅನೇಕರು ತಮ್ಮ ಒಕ್ಕೂಟದೊಡನೆ ಮುನಿಸಿಕೊಂಡು ದೂರ ಉಳಿದಿದ್ದರು. ತವರಿನ ಪಾಲಿಗೆ ಬಂದ ಪಂದ್ಯವನ್ನು ಸ್ವಂತ ನೆಲದಲ್ಲಿ ಆಡುವ ಭಾಗ್ಯವೂ ಇಲ್ಲದೆ ಸೌದಿ ಅರೇಬಿಯಾದ ಅಭಾದಲ್ಲಿ ಆಡಿದ್ದರು; ಕೆಲವೇ ದಿನಗಳ ಹಿಂದೆ ನಡೆದಿದ್ದ ಆ ಪಂದ್ಯ 0–0 ಆಗಿತ್ತು. ಭಾರತದ ನಾಯಕ ಸುನಿಲ್ ಚೆಟ್ರಿಗೆ ಇದು 150ನೆಯ ಅಂತರರಾಷ್ಟ್ರೀಯ ಪಂದ್ಯ. ಎದುರು ಪಾಳೆಯದ ತರಬೇತುದಾರ ಆಶ್ಲೆ ವೆಸ್ಟ್‌ವುಡ್. ಬೆಂಗಳೂರು ಎಫ್‌ಸಿ ಹುಟ್ಟಿದಾಗ ಅದರ ಮೊದಲ ತರಬೇತುದಾರನಾಗಿ, ಇದೇ ಚೆಟ್ರಿಯ ನಾಯಕತ್ವದಲ್ಲಿ 2013–14 ಮತ್ತು 2015–16ರ ಐ-ಲೀಗ್ ಪಂದ್ಯಾವಳಿ ಗೆಲ್ಲಿಸಿಕೊಟ್ಟ ಇಂಗ್ಲೆಂಡಿನವನು. ನಮ್ಮ ಮನೆಯ ಮೂಲೆ ಮೂಲೆ ಬಲ್ಲವನು ಎದುರು ಬಣದಲ್ಲಿ ನಿಂತಂತೆ.

ಆಟ ಶುರುವಾಗಿ ಕಾಲು ಗಂಟೆ ಆಗಿರಬಹುದು. ಮೊಬೈಲನ್ನು ತೆಂಗಿನಕಾಯಿ ಬುಟ್ಟಿಗೆ ಒರಗಿಸಿ ಇಟ್ಟಿದ್ದೆವು. ನಮ್ಮ ಇಬ್ಬರು ಸೆಂಟರ್ ಬ್ಯಾಕ್‌ಗಳು ಚೆಂಡನ್ನು ಒಬ್ಬರಿಗೊಬ್ಬರು ಕೊಟ್ಟು, ಅಲ್ಲಿಂದ ಬದಿಯವನಿಗೆ ಕೊಟ್ಟು, ಅವನು ಮುಂದೆ ದಾರಿ ಕಾಣದೆ ಮತ್ತೆ ಹಿಂದಕ್ಕೆ ಕೊಟ್ಟು, ಹೀಗೆಯೇ ಸುತ್ತುತ್ತಿದ್ದುದನ್ನು ಸುಮ್ಮನೆ ನೋಡುತ್ತಿದ್ದ ದೊಡ್ಡಪ್ಪ ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತ ಕೇಳಿದರು: "ಅಲ್ಲ ಕನ್ ಮಗ, ಮೇಲ್ಗಡೆಯವ್ರು ಅವ್ರವ್ರೇ ಕಟ್ಕೊಂಡು ಕೂತವ್ರಲ್ಲ, ಕೆಳಕ್ಕೆ ಯಾವಾಗ ಬುಡ್ತಾರೆ?"

ಹುಡುಗರು ನಕ್ಕರು, ನಾನೂ ನಕ್ಕೆ. ಆದರೆ ಆಮೇಲೆ ನನಗೆ ಆಟ ಬೇರೆಯಾಗಿ ಕಾಣತೊಡಗಿತು. ನಮ್ಮ ಇಬ್ಬರು ಮಿಡ್‌ಫೀಲ್ಡರ್‌ಗಳು ಮೇಲಿಂದ ಮೇಲೆ ಒಂದೇ ಅಡ್ಡಗೆರೆಯ ಮೇಲೆ, ಎದುರಾಳಿಯ ಮುಂದಿನ ಸಾಲಿನ ನೆರಳಿನಲ್ಲಿ ನಿಲ್ಲುತ್ತಿದ್ದರು. ಎದುರಾಳಿಯ ಮಿಡ್‌ಫೀಲ್ಡಿಗೂ ಅವರ ರಕ್ಷಣಾ ಸಾಲಿಗೂ ನಡುವಿನ ಜಾಗದಲ್ಲಿ, ಎಂದರೆ ಪೆನಾಲ್ಟಿ ಚೌಕದ ಮುಂದಿನ ಹದಿನೈದು–ಇಪ್ಪತ್ತು ಗಜಗಳಲ್ಲಿ, ಚೆಂಡು ಪಡೆದು ಮೈ ತಿರುಗಿಸಿ ಗೋಲಿಗೆ ಮುಖ ಮಾಡುವ ನಮ್ಮವನೊಬ್ಬ ಸಾಮಾನ್ಯವಾಗಿ ಇರುತ್ತಲೇ ಇರಲಿಲ್ಲ. ಹಾಗಾಗಿ ಚೆಂಡು ಬದಿಗೆ ಹರಿದು, ಬದಿಯಿಂದ ಕ್ರಾಸ್ ಆಗಿ ಚೌಕದೊಳಕ್ಕೆ ಬೀಳುತ್ತಿತ್ತು. ಅಲ್ಲಿ ಎತ್ತರದ ಅಫ್ಘನ್ನರು ಅದಕ್ಕಾಗಿಯೇ ಕಾದು ನಿಂತಿರುತ್ತಿದ್ದರು. ವೆಸ್ಟ್‌ವುಡ್‌ಗೆ ಇದು ಮೊದಲೇ ತಿಳಿದಿತ್ತೆಂದು ನನ್ನ ಗುಮಾನಿ. ಬದಿಗಳನ್ನು ಬಿಟ್ಟುಕೊಟ್ಟು ನಡುವನ್ನು ಮುಚ್ಚಿ ಕುಳಿತರೆ ನಾವು ಕ್ರಾಸ್ ಮಾಡುತ್ತಲೇ ಇರುತ್ತೇವೆ ಎಂದು ಅವರು ಲೆಕ್ಕ ಹಾಕಿದ್ದಿರಬೇಕು.

38ನೆಯ ನಿಮಿಷದಲ್ಲಿ ಅಂಥದೇ ಒಂದು ಚೆಂಡು ಅಫ್ಘನ್ ರಕ್ಷಕನ ಕೈಗೆ ತಗುಲಿ ಪೆನಾಲ್ಟಿ ಸಿಕ್ಕಿತು. ಚೆಟ್ರಿ ಹೊಡೆದರು; ದೇಶಕ್ಕಾಗಿ ಅವರ 94ನೆಯ ಗೋಲು. ಹುಡುಗರು ಕಿರುಚಿದ ಸದ್ದಿಗೆ ಕೊಟ್ಟಿಗೆಯ ಎಮ್ಮೆ ಎದ್ದು ನಿಂತಿತು. ನಾನೂ ಕುಣಿದೆ. ಆದರೆ ವಿರಾಮದಲ್ಲಿ ಲೆಕ್ಕ ಹಾಕಿದಾಗ ಆ ಸಂತೋಷ ತೆಳ್ಳಗಾಯಿತು. 2023ರ ನವೆಂಬರ್ 16ರಂದು ಕುವೈತ್‌ನಲ್ಲಿ ಮನ್ವೀರ್ ಸಿಂಗ್ ಹೊಡೆದ ಗೋಲಿನ ನಂತರ ಭಾರತಕ್ಕೆ ಇದೇ ಮೊದಲ ಗೋಲು. ನಡುವೆ ಕತಾರ್ ಎದುರು 0–3. ಜನವರಿಯ ಏಷ್ಯನ್ ಕಪ್‌ನಲ್ಲಿ ಆಸ್ಟ್ರೇಲಿಯಾ ಎದುರು 0–2, ಉಜ್ಬೇಕಿಸ್ತಾನ ಎದುರು 0–3, ಸಿರಿಯಾ ಎದುರು 0–1. ಆಮೇಲೆ ಅಭಾದ 0–0. ಬಂದ ಒಂದು ಗೋಲೂ ಪೆನಾಲ್ಟಿಯದು. ನೋಟ್‌ಬುಕ್ ತೆಗೆದು ನೋಡಿದರೆ ಹಿಂದಿನ ಮಡಿಗಳಲ್ಲಿ ಗೀಟುಗಳು ಒತ್ತೊತ್ತಾಗಿ ಬಿದ್ದು ಕಪ್ಪಗಾಗಿದ್ದವು, ಎರಡು ಬದಿಯ ಮಡಿಗಳಲ್ಲೂ ಸಾಕಷ್ಟಿದ್ದವು. ಗೋಲಿನ ಮುಂದಿನ ನಡು ಮಡಿ ಹೆಚ್ಚುಕಡಿಮೆ ಬೆಳ್ಳಗೇ ಇತ್ತು. ನನ್ನ ಎಣಿಕೆಯೇ ತಪ್ಪಾಗಿತ್ತು. ಗುರಿ ತಪ್ಪುತ್ತಿದ್ದುದಕ್ಕಿಂತ ಗುರಿಯಿಡಬೇಕಾದ ಜಾಗಕ್ಕೆ ಚೆಂಡು ಬರುತ್ತಲೇ ಇರಲಿಲ್ಲ.

ಎರಡನೆಯ ಅರ್ಧದಲ್ಲಿ ನನಗೆ ಇನ್ನೊಂದು ದೌರ್ಬಲ್ಯ ಕಂಡಿತು. ಮುನ್ನಡೆಯಲ್ಲಿದ್ದ ತಂಡ ಆಟದ ವೇಗವನ್ನು ತನ್ನ ಹಿಡಿತದಲ್ಲಿ ಇಟ್ಟುಕೊಳ್ಳಬೇಕು. ನಮ್ಮವರು ಅದನ್ನು ಎದುರಾಳಿಗೆ ಒಪ್ಪಿಸಿ ಹಿಂದೆ ಸರಿದರು. ಎಲ್ಲರೂ ಒಟ್ಟಾಗಿ ಸರಿದಿದ್ದರೆ ಅದೂ ಒಂದು ಉಪಾಯವಾಗುತ್ತಿತ್ತು. ರಕ್ಷಕರು ತಮ್ಮ ಚೌಕದ ಹತ್ತಿರಕ್ಕೆ ಬಂದರೂ ಮಿಡ್‌ಫೀಲ್ಡರ್‌ಗಳು ಅರೆಮನಸ್ಸಿನಿಂದ ನಡುವೆಯೇ ಉಳಿಯುತ್ತಿದ್ದರು. ಮುಂದಿನವರು ಒತ್ತಡ ಹಾಕಲು ಓಡಿದರೆ ಹಿಂದಿನವರು ಜೊತೆಗೂಡುತ್ತಿರಲಿಲ್ಲ. ಹೀಗೆ ಸಾಲು ಸಾಲುಗಳ ನಡುವೆ ಬಿದ್ದ ಸಂದಿಯಲ್ಲಿ ಅಫ್ಘನ್ನರು, ನಾವು ಅವರ ಎದುರು ಮಾಡಲಾಗದೇ ಹೋದದ್ದನ್ನು, ನಮ್ಮೆದುರೇ ಮಾಡಿ ತೋರಿಸಿದರು. 70ನೆಯ ನಿಮಿಷದಲ್ಲಿ ರಹಮತ್ ಅಕ್ಬರಿ ಹೊಡೆದ ಚೆಂಡು ಗೋಲಾಯಿತು. 88ನೆಯ ನಿಮಿಷದಲ್ಲಿ ನುಗ್ಗಿ ಬಂದವನನ್ನು ತಡೆಯಲು ಹೊರಬಂದ ನಮ್ಮ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಅವನನ್ನು ಬೀಳಿಸಿದರು. ಪೆನಾಲ್ಟಿಯನ್ನು ಷರೀಫ್ ಮುಖಮ್ಮದ್ ಒಳಗೆ ಕಳಿಸಿದರು. 1–2. ಮರುದಿನ ಬೈಗುಳವೆಲ್ಲ ಗೋಲ್‌ಕೀಪರ್‌ಗೆ ಬಿದ್ದಿತು. ತೂಬು ಒಡೆದ ಮೇಲೆ ಕೊನೆಯ ಗದ್ದೆಯ ಬದು ಕೊಚ್ಚಿಹೋಯಿತೆಂದು ಬದುವನ್ನು ಬೈದಂತೆ.

ಹುಡುಗರು ಸಪ್ಪಗಾಗಿ ಕುಳಿತಿದ್ದಾಗ ನಾನು ಒಂಬತ್ತು ತಿಂಗಳ ಹಿಂದಿನ ಒಂದು ರಾತ್ರಿಯನ್ನು ನೆನೆಯುತ್ತಿದ್ದೆ. 2023ರ ಜುಲೈ 4ರಂದು ಮಂಡ್ಯದಿಂದ ರೈಲು ಹತ್ತಿ ಹೋಗಿ, ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಪಂದ್ಯಾವಳಿಯ ಫೈನಲ್ ನೋಡಿದ್ದೆ. ಕುವೈತ್ ಎದುರು 1–1, ಪೆನಾಲ್ಟಿಗಳಲ್ಲಿ 5–4. ಆ ತಿಂಗಳು ಭಾರತ ಶ್ರೇಯಾಂಕದಲ್ಲಿ ಮೊದಲ ನೂರರೊಳಕ್ಕೆ ಬಂದಿತ್ತು. ಬಹುಶಃ ಆ ಗೆಲುವೇ ನನ್ನಂಥವರ ಕಣ್ಣಿಗೆ ಪೊರೆಯಾಯಿತು. ತವರಿನ ಗದ್ದಲದಲ್ಲಿ, ಓಟ ಮತ್ತು ಛಲದ ಬಲದಲ್ಲಿ ಗೆದ್ದದ್ದನ್ನು ಆಟದ ವಿಧಾನವೇ ಪಕ್ವವಾದಂತೆ ಎಣಿಸಿದೆವು.

ಮೂಲವನ್ನು ಹುಡುಕಿದರೆ ಅದು ಗುವಾಹಟಿಯಲ್ಲಿಲ್ಲ. ದೇಶದ ಅಗ್ರ ಫುಟ್‌ಬಾಲ್ ಲೀಗ್ ಆದ ಐಎಸ್ಎಲ್‌ನಲ್ಲಿ ಪ್ರತಿ ತಂಡ ಏಕಕಾಲಕ್ಕೆ ನಾಲ್ವರು ವಿದೇಶಿಯರನ್ನು ಕಣಕ್ಕೆ ಇಳಿಸಬಹುದು. ಆ ನಾಲ್ಕು ಸ್ಥಾನಗಳನ್ನು ತಂಡಗಳು ಹೆಚ್ಚಾಗಿ ಮುಂಚೂಣಿಯ ಗೋಲು ಹೊಡೆಯುವವನಿಗೆ, ಅವನ ಹಿಂದೆ ನಿಂತು ಚೆಂಡು ಹಂಚುವವನಿಗೆ, ರಕ್ಷಣೆಯ ನಡುಗಂಬಕ್ಕೆ ಕೊಡುತ್ತವೆ. ಉಳಿದ ಬದಿಯ ಜಾಗಗಳಲ್ಲಿ ನಮ್ಮ ಹುಡುಗರು ಓಡುತ್ತಾರೆ, ಚೆನ್ನಾಗಿಯೇ ಓಡುತ್ತಾರೆ. ವರ್ಷವಿಡೀ ನಡು ಮಡಿಯಲ್ಲಿ ಇನ್ನೊಬ್ಬರ ಕೆಲಸ ನೋಡುತ್ತ ಬದಿಯಲ್ಲಿ ಓಡಿದವರು ದೇಶದ ಅಂಗಿ ತೊಟ್ಟ ದಿನ ಏಕಾಏಕಿ ನಡುವಿಗೆ ಬಂದು ನೀರು ಹಂಚಬೇಕೆಂದರೆ ಹೇಗೆ? ಆ ಕೊರತೆಯನ್ನು ಇಷ್ಟು ವರ್ಷ ಚೆಟ್ರಿ ಒಬ್ಬರೇ ಮುಚ್ಚಿದ್ದರು. ಚೆಂಡು ಬಾರದಿದ್ದರೆ ತಾವೇ ಹಿಂದಕ್ಕೆ ಬಂದು ಪಡೆಯುತ್ತಿದ್ದರು. 39 ವಯಸ್ಸಿನ ಕಾಲುಗಳಿಗೆ ಹಿಂದಕ್ಕೆ ಬಂದು ಪಡೆದು, ಮತ್ತೆ ಮುಂದೆ ಓಡಿ ಹೊಡೆಯುವ ಎರಡೂ ಕೆಲಸ ಹೊರಿಸಿದ್ದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ಈ ವಿಚಾರಗಳನ್ನೆಲ್ಲ ಹುಡುಗರ ಮುಂದೆ ವಿವರವಾಗಿ ಹೇಳಿ ಮುಗಿಸಿದಾಗ, ಅಷ್ಟು ಹೊತ್ತೂ ತುಟಿ ಬಿಚ್ಚದ ನೋಟ್‌ಬುಕ್ಕಿನ ಹುಡುಗ ಕೇಳಿದ: "ಸಾರ್, ತಾಲ್ಲೂಕಲ್ಲಿ ನಾವೂ ಹಿಂಗೇ ಅಲ್ವಾ ಆಡಿದ್ದು?"

ಉತ್ತರ ಹೊಳೆಯಲಿಲ್ಲ. ಅವನನ್ನು ಬಲಬದಿಗೆ ನಿಲ್ಲಿಸಿ, "ಸಿಕ್ಕಿದ ಕೂಡಲೇ ಒಳಕ್ಕೆ ಎತ್ತಿ ಹಾಕು" ಎಂದು ಗೆರೆಯಾಚೆಯಿಂದ ಕೂಗುತ್ತಿದ್ದವನು ನಾನೇ.

ಏಪ್ರಿಲಿನಲ್ಲಿ, ಬಿಸಿಲು ಏರುವ ಮುನ್ನ ಆರು ಗಂಟೆಗೆ ಮೈದಾನಕ್ಕೆ ಇಳಿದೆವು. ಸುಣ್ಣದ ಪುಡಿಯಲ್ಲಿ ಮಡಿಗಳನ್ನು ಗುರುತಿಸಿ, ನಡು ಮಡಿಯ ಮೂಲಕ ಹಾದು ಬಂದ ಚೆಂಡಿನಿಂದ ಹೊಡೆದರೆ ಮಾತ್ರ ಗೋಲು ಎಂದು ಕಟ್ಟಳೆ ಮಾಡಿದೆ. ಮೊದಲ ವಾರ ನೋಡಲಾಗದಷ್ಟು ಕೆಟ್ಟದಾಗಿತ್ತು. ನಡುವೆ ನಿಲ್ಲಿಸಿದ ಹುಡುಗ ಗೋಲಿಗೆ ಬೆನ್ನು ಕೊಟ್ಟು ಚೆಂಡು ಪಡೆಯುತ್ತಿದ್ದ. ತಿರುಗುವಷ್ಟರಲ್ಲಿ ಇಬ್ಬರು ಮೇಲೆ ಬಿದ್ದು ಕಿತ್ತುಕೊಳ್ಳುತ್ತಿದ್ದರು. ಹಿಂದೆ ಯಾರೂ ಇಲ್ಲದ ಕಾರಣ ಅದು ನೇರ ಗೋಲಾಗುತ್ತಿತ್ತು. ಚೆಂಡು ಬರುವ ಮೊದಲೇ ಹೆಗಲ ಮೇಲಿಂದ ಹಿಂದಕ್ಕೊಮ್ಮೆ ನೋಡುವುದು, ಅರೆ ತಿರುಗಿದ ಮೈಯಲ್ಲಿ ಪಡೆಯುವುದು, ಅವನು ಪಡೆಯುತ್ತಿದ್ದಂತೆ ಹಿಂದಿನವನೊಬ್ಬ ಆ ಜಾಗ ತುಂಬುವುದು, ಇವು ಹೇಳುವುದಕ್ಕೆ ಮೂರು ಮಾತು. ಮೈಗೂಡುವುದಕ್ಕೆ ಮೂರು ತಿಂಗಳು ಸಾಲಲಿಲ್ಲ. ರಾಷ್ಟ್ರೀಯ ತಂಡಕ್ಕೆ ಒಂದು ಪಂದ್ಯದ ಮುಂಚೆ ಸಿಗುವುದು ಬೆರಳೆಣಿಕೆಯ ದಿನಗಳು ಎಂಬುದು ಆಗ ನೆನಪಾಗಿ, ಬೈಯುವ ಬಾಯಿ ಸ್ವಲ್ಪ ಮೆತ್ತಗಾಯಿತು. ಮರುವರ್ಷ ತಾಲ್ಲೂಕಿನಲ್ಲಿ ಮತ್ತೆ ಸೋತೆವು, ಈ ಸಲ 2–3ರಿಂದ. ಆ ಎರಡೂ ಗೋಲು ನಡುವಿನಿಂದ ಬಂದವು. ತಿಂದ ಮೂರರಲ್ಲಿ ಎರಡೂ ಅಲ್ಲಿಂದಲೇ.

ಅತ್ತ ಭಾರತ ತಂಡ 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಎದುರು 0–0. ಚೆಟ್ರಿ ವಿದಾಯ ಹೇಳಿದರು. ಜೂನ್ 11ರಂದು ದೋಹಾದಲ್ಲಿ ಕತಾರ್ ಎದುರು ಛಾಂಗ್ಟೆ ಗೋಲಿನಿಂದ ಮುಂದಿದ್ದವರು, ಗೆರೆ ದಾಟಿ ಹೊರಹೋದ ಚೆಂಡನ್ನು ರೆಫರಿ ಗೋಲೆಂದು ಕೊಟ್ಟ ಮೇಲೆ 1–2ರಿಂದ ಸೋತು ವಿಶ್ವಕಪ್ ಅರ್ಹತಾ ಸುತ್ತಿನಿಂದ ಹೊರಬಿದ್ದರು. ಆ ಅನ್ಯಾಯ ನಿಜ. ಆದರೆ ಗುವಾಹಟಿಯ ಮೂರು ಅಂಕ ಕೈಯಲ್ಲಿದ್ದಿದ್ದರೆ ದೋಹಾದ ರೆಫರಿಯ ಹಂಗೇಕೆ ಬೇಕಿತ್ತು ಎಂಬ ಪ್ರಶ್ನೆ ಆ ಗಲಾಟೆಯಲ್ಲಿ ಮುಳುಗಿಹೋಯಿತು.

ಅದೇ ಜಗುಲಿಯಲ್ಲಿ ಮತ್ತೊಮ್ಮೆ ಕುಳಿತದ್ದು 2025ರ ಜೂನ್ 10ರ ಸಂಜೆ, ಏಷ್ಯನ್ ಕಪ್ ಅರ್ಹತಾ ಸುತ್ತಿನ ಹಾಂಗ್‌ಕಾಂಗ್ ಪಂದ್ಯಕ್ಕೆ. ಭಾರತಕ್ಕೆ ಹೊಸ ತರಬೇತುದಾರ ಬಂದಿದ್ದರು. ಎದುರಾಳಿ ಹಾಂಗ್‌ಕಾಂಗ್‌ನ ತರಬೇತುದಾರ ಮಾತ್ರ ಹಳಬ, ಅದೇ ವೆಸ್ಟ್‌ವುಡ್. 90 ನಿಮಿಷ ಕಳೆದು ಸೇರಿಸಿದ ಸಮಯದಲ್ಲಿ ನಮ್ಮ ಗೋಲ್‌ಕೀಪರ್ ಹೊರಬಂದು ಎದುರಾಳಿಗೆ ಡಿಕ್ಕಿ ಹೊಡೆದರು, ಪೆನಾಲ್ಟಿ, 0–1.

"ಹೋದ್ಸಾರಿ ಬಂದು ಬೀಳ್ಸಿದ್ನಲ್ಲ, ಅವ್ನೇನಾ ಇವ್ನು?" ಎಂದರು ದೊಡ್ಡಪ್ಪ.

"ಅಲ್ಲ ದೊಡ್ಡಪ್ಪ, ಇವರು ಬೇರೆ."

ಅವರು ಎದ್ದು ಎಮ್ಮೆ ಕಟ್ಟಲು ಹೋದರು. ದ್ವಿತೀಯ ಪಿಯುಸಿ ಮುಗಿಸಿದ್ದ ಆ ಹುಡುಗ ಹಳೆಯ ನೋಟ್‌ಬುಕ್ಕನ್ನೇ ತಂದಿದ್ದ, ಉಳಿದ ಹಾಳೆಯಲ್ಲಿ ಹೊಸ ಮೈದಾನ ಬರೆದಿದ್ದ. ನಡು ಮಡಿಯಲ್ಲಿ ಗುವಾಹಟಿಗಿಂತ ಗೀಟುಗಳು ಹೆಚ್ಚಿವೆ ಎಂದು ಅವನು. ಹಾಗಲ್ಲ, ತಿರುಗದೆ ಹಿಂದಕ್ಕೆ ಒದ್ದವುಗಳನ್ನೂ ನೀನು ಸೇರಿಸಿದ್ದೀಯೆ ಎಂದು ನಾನು. ಊಟಕ್ಕೆ ಎಲೆ ಹಾಕಿದೆ ಎಂದು ದೊಡ್ಡಮ್ಮ ಎರಡನೆಯ ಸಲ ಕೂಗುವವರೆಗೂ ಆ ಹಾಳೆಯ ಮೇಲೆ ಬಗ್ಗಿ ಒಂದೊಂದೇ ಗೀಟನ್ನು ಹೊಡೆದುಹಾಕುತ್ತ, ಮತ್ತೆ ಎಳೆಯುತ್ತ ಕುಳಿತಿದ್ದೆವು.