ಒಂದು ತಾಸು ಸುಮ್ನೆ

ಇವತ್ತು ಹುಬ್ಬಳ್ಳಿ ಸ್ಟೇಷನ್‌ಗೆ ಒಂದು ತಾಸು ಮೊದಲೇ ಬಂದುಬಿಟ್ಟೆ. ಫೋನ್ ಚಾರ್ಜ್ ಮುಗಿದಿತ್ತು. ಆ ಉದ್ದನೆಯ ಪ್ಲಾಟ್‌ಫಾರ್ಮ್ ಇದೆಯಲ್ಲ, 1,507 ಮೀಟರ್‌ನದು, ಅದರ ಮೇಲೆ ಅಡ್ಡಾಡತೊಡಗಿದೆ.

ಬೆಂಚಿನ ಮೇಲಿದ್ದ ಅಜ್ಜಾರು ಕರೆದರು. "ಯಾಕವಾ ತಂಗಿ, ಹಂಗ ಅಡ್ಡಾಡಾಕತ್ತಿ? ಬಾ, ಕುಂದ್ರು. ಗಾಡಿ ತನ್ನ ಟೈಮಿಗೆ ಬರ್ತೈತಿ."

ಕೂತೆ.

ಅವರ ತೊಡೆಯ ಮೇಲೆ ಬಿಳಿ ಟೋಪಿ. ಹೆಬ್ಬೆರಳಿನಿಂದ ಅದರ ಅಂಚನ್ನು ಮೆಲ್ಲಗೆ ಸವರುತ್ತಿದ್ದರು. ಹಳಿ ನೋಡುವುದು, ಸವರುವುದು. ಮತ್ತೆ ಹಳಿ ನೋಡುವುದು. ಮುಖದಲ್ಲಿ ಬೇಸರದ ಸುಳಿವೂ ಇಲ್ಲ. ಎಷ್ಟು ಚೆಂದ ಕೂತಿದ್ದರು!

ಮೊದಲ ಹತ್ತು ನಿಮಿಷ ನಾನು ಚಡಪಡಿಸಿದೆ. ಆಮೇಲೆ ಒಳಗೆ ಏನೋ ಸಡಿಲವಾಯಿತು. ಅಣ್ಣನ ಜೊತೆ ಮಾತು ಬಿಟ್ಟು ಮೂರು ತಿಂಗಳು. ತಪ್ಪು ನನ್ನದೂ ಇತ್ತು ಅಂತ ಅಲ್ಲೇ, ಆ ಬೆಂಚಿನ ಮೇಲೆ ಹೊಳೆಯಿತು. ಮೂರು ತಿಂಗಳಲ್ಲಿ ಅದನ್ನು ಯೋಚಿಸಲು ಒಂದು ತಾಸು ಕೊಟ್ಟಿರಲೇ ಇಲ್ಲ.

ಸ್ಕೂಲ್ ಅನ್ನೋ ಪದ ಬಂದಿದ್ದು ಗ್ರೀಕರ 'ಸ್ಖೋಲೆ'ಯಿಂದ. ಹಾಗಂದರೆ ಬಿಡುವು. ನಾವು ದುಡಿಯುವುದೇ ಬಿಡುವಿಗಾಗಿ ಅಂತ ಅರಿಸ್ಟಾಟಲ್ ಹೇಳಿದ್ದ. ನಾವು ಉಲ್ಟಾ ಮಾಡಿಕೊಂಡಿದ್ದೇವೆ, ಅಲ್ವಾ? ನಾಳೆ ದುಡಿಯಲು ಶಕ್ತಿ ಬೇಕು ಅಂತ ಇವತ್ತು ಮಲಗುತ್ತೇವೆ. ಸುಮ್ನೆ ಕೂತವರನ್ನು ಕಂಡರೆ 'ಕೆಲಸ ಇಲ್ವಾ?' ಅಂತ ಕೇಳುತ್ತೇವೆ.

ಗಾಡಿ ಬಂತು. ಅಜ್ಜಾರು ಟೋಪಿ ಹಾಕಿಕೊಂಡು ನಿಧಾನಕ್ಕೆ ಎದ್ದರು.

ಗದಗ ಮುಟ್ಟಿ, ಫೋನ್ ಚಾರ್ಜಿಗೆ ಹಾಕಿ, ಮೊದಲು ಅಣ್ಣನಿಗೆ ಕಾಲ್ ಮಾಡಿದೆ.